ಬರೆ ಆಹೇ ಕಾ

ಪಂಚವಟಿ, ನಾಶಿಕ
೧೪-೪-೧೯೭೧, ಬುಧವಾರ

ಪ್ರೀತಿಯ ಕುಸುಮಾ,

ಔರಂಗಾಬಾದಿನ ಬಿಸಿಲು ನಿನ್ನನ್ನು ಸತಾಯಿಸುತ್ತಿಲ್ಲ ತಾನೇ? ಕೆಮ್ಮು ನಿಂತಿತೇ? ಮುಂಗೈಯ ಪಟ್ಟಿ ಬಿಚ್ಚಿದರೇ? ನನ್ನ ಹೆಸರೆತ್ತಿದರೆ ನಿನ್ನಣ್ಣ ಭುಜಂಗ ಭಾವ ಈಗಲೂ ಹಲ್ಲು ಕಡಿಯುತ್ತಾರೆಯೇ? ಕಡಿಯಲಿ. ತಂಗಿಯ ಕೈ ಸುಟ್ಟವನಿಗೆ ಕಡಿದದ್ದೂ ಕಡಿಮೆಯೇ.

ನಮ್ಮ ಹೋಟೆಲಿನಲ್ಲಿ ಆ ಕಥೆ ಹೇಳಿಕೊಂಡು ಎಲ್ಲರೂ ಇನ್ನೂ ನಗುತ್ತಾರೆ. ನಿನ್ನ ಕೆಮ್ಮಿಗೆ ಮದ್ದು ತರಲು ಹೋದಾಗ ಡಾಕ್ಟರು ಮರಾಠಿಯಲ್ಲಿ, "ಕಾಯ್ ವಹಿನಿ, ಬರೆ ಆಹೇ ಕಾ?" ಎಂದರು. ಏನತ್ತಿಗೆ, ಕ್ಷೇಮವೇ ಎಂದಷ್ಟೇ. ನಾಶಿಕಕ್ಕೆ ಬಂದು ಆರೇ ತಿಂಗಳಾಗಿದ್ದ ನನ್ನ ಉಡುಪಿಯ ಪಂಡಿತೆ, "ಹೌದು, ಬರೆ ಉಂಟು" ಎಂದು ಸೆರಗು ಸರಿಸಿ ಮುಂಗೈ ಚಾಚಿದಳು. ಬಿ.ಎ.ಯಲ್ಲಿ ಶ್ಲೇಷಾಲಂಕಾರ ಓದಿದವನು ನಾನು, ಪ್ರಯೋಗಿಸಿದವಳು ನೀನು. ಡಾಕ್ಟರು ಕೆಮ್ಮನ್ನೇ ಮರೆತರು. ಬರೆ ದೋಸೆ ಮಗುಚುವ ಸಟ್ಟುಗದ ತುದಿಯಂತೆ ಚಚ್ಚೌಕವಾಗಿತ್ತು. ಗೋಡೆಗೆ ಎಸೆದದ್ದು ಜಾರಿ ತಗಲಿತು ಎಂದೆ. ಗೋಡೆ ನನ್ನ ಎಡಕ್ಕಿತ್ತು, ನೀನು ಬಲಕ್ಕಿದ್ದೆ. ಅದನ್ನು ನೀನು ಹೇಳಲಿಲ್ಲ; ನಾನೇ ಈಗ ಹೇಳುತ್ತಿದ್ದೇನೆ. ಈ ಕಾಗದ ಬರೆಯುವ ಕೈಯೇ ಆ ಬರೆ ಹಾಕಿದ ಕೈ.

ನಿನ್ನನ್ನು ಹೊರಗೆ ಕೂರಿಸಿ ಡಾಕ್ಟರು ನನ್ನ ರಕ್ತದೊತ್ತಡ ನೋಡಿದರು. "ಶೆಟ್ಟಿಸಾಹೇಬ್, ಸಿಟ್ಟು ಮೊದಲು ಎಲ್ಲಿ ಬರುತ್ತದೆ?" ಎಂದರು. ಅಡುಗೆಮನೆಯಲ್ಲಿ ಎಂದೆ. "ಮೈಯಲ್ಲಿ ಎಲ್ಲಿ?" ಎಂದರು. ಯೋಚಿಸಿದರೆ, ಕಿವಿಯಲ್ಲಿ. ಕಾವಲಿಗಿಂತ ಮೊದಲು ಕಾಯುವುದು ನನ್ನ ಕಿವಿ. ಅದು ಕಾದ ಕೂಡಲೇ ಕೈಯಲ್ಲಿರುವುದನ್ನು ಕೆಳಗಿಟ್ಟು ಹೊರಗೆ ನಡೆಯಿರಿ, ಕೆಲಸದ ಭಾರ ಇಳಿಯುವುದಿಲ್ಲ, ಹೊರುವುದನ್ನು ಕಲಿಯಿರಿ ಎಂದರು.

ನೀನು ಹೋದ ಮೊದಲ ವಾರ ಗೆದ್ದೆ. ರಾಮಕುಂಡದಿಂದ ಎರಡು ಬಸ್ಸಿನ ಯಾತ್ರಿಕರು ಒಟ್ಟಿಗೇ ನುಗ್ಗಿದರೂ, ಇದ್ದಿಲು ಮುಗಿದು ಒಲೆ ಆರಿದರೂ, ಹಿತ್ತಲಿಗೆ ಹೋಗಿ ನಲ್ಲಿಯಡಿ ತಲೆಯೊಡ್ಡಿದೆ. ಅಡುಗೆಯ ಕಿಟ್ಟಣ್ಣ, "ದಿನಕ್ಕೆ ನಾಲ್ಕು ಸಲ ತಲೆಸ್ನಾನ, ಧಣಿಗಳಿಗೆ ಯಾರ ಸೂತಕ?" ಎಂದ. ನಕ್ಕೆ. ಎರಡನೆಯ ವಾರ ಅವನ ಕೈಯಲ್ಲೇ ಸಾಂಬಾರು ತಳ ಹಿಡಿಯಿತು. ಕಿವಿ ಕಾದದ್ದು ತಿಳಿಯಿತು ಕುಸುಮಾ, ತಿಳಿದೂ ನಿಂತೆ. ಸೌಟಿನಿಂದ ಅವನ ಬಾಯಿಗೆ ಬೀಸಿದೆ. ಎರಡು ಹಲ್ಲು ಸಾಂಬಾರಿಗೆ ಬಿದ್ದವು. ರಕ್ತ ಒರೆಸಿಕೊಳ್ಳುತ್ತ, "ಅಕ್ಕ ಇದ್ದಿದ್ರೆ ಇದು ಅವರಿಗೆ ಬೀಳ್ತಿತ್ತು, ಅಲ್ವಾ ಧಣಿ?" ಎಂದ. ಅವನ ಕಾಲಿಗೆ ಬಿದ್ದೆ. ಕೆಲಸ ಬಿಟ್ಟಿಲ್ಲ, ಆದರೆ ನಾನು ಒಳಗೆ ಬಂದರೆ ಸೌಟುಗಳನ್ನೆಲ್ಲ ತನ್ನ ಬದಿಗೆ ಎಳೆದಿಟ್ಟುಕೊಳ್ಳುತ್ತಾನೆ.

ಅದಾಗಿ ಹನ್ನೊಂದು ದಿನ, ಯಾರ ಮೇಲೂ ಕೈಯೆತ್ತಿಲ್ಲ. ಮನೆ ಬಿಕೋ ಎನ್ನುತ್ತಿದೆ. ಬೇಗ ಬಾ. ಯಾವ ಬಸ್ಸಿಗೆ ಬರುತ್ತೀ ಎಂದು ತಿಳಿಸಿದರೆ ನಿಲ್ದಾಣದಲ್ಲಿರುತ್ತೇನೆ.

ಭಾವನಿಗೆ ನಮಸ್ಕಾರ ತಿಳಿಸು, ಅವರು ಸ್ವೀಕರಿಸುವುದಾದರೆ.

ನಿನ್ನ
ಜಯರಾಮ

ತಾ.ಕ.: ಬೇಗ ಬಾ ಎಂದದ್ದನ್ನು ಹೊಡೆದುಹಾಕು. ಕಳೆದ ಭಾನುವಾರ ಹೇಳದೆ ಔರಂಗಾಬಾದಿಗೆ ಬಂದಿದ್ದೆ. ಭಾವನ ಗೇಟಿನ ಹೊರಗೆ ನಿಂತಿದ್ದಾಗ ಒಳಗೆ ನೀನು ಯಾವುದಕ್ಕೋ ಗಟ್ಟಿಯಾಗಿ ನಗುತ್ತಿದ್ದೆ. ನಾನಿಲ್ಲದೆಯೂ ನಗುತ್ತಾಳಲ್ಲ ಎಂದು ನನ್ನ ಕೈ ಮುಷ್ಟಿಯಾಯಿತು. ಮುಂದಿನ ಬಸ್ಸಿಗೇ ವಾಪಸಾದೆ. ಈಗ ಬರಬೇಡ. ನಾನೇ ಬಂದು ಕರೆದರೂ, ಭಾವ ಮನೆಯಲ್ಲಿಲ್ಲದಾಗ ಕದ ತೆರೆಯಬೇಡ.