ಅಂಗೈ ಮೇಲಿನ ಉಸಿರು

ಹಾಸನ
೯ ಸೆಪ್ಟೆಂಬರ್ ೨೦೨೪

ಶಾಂತರಾಜು ಅವರಿಗೆ ಧನುಶ್ರೀಯ ನಮಸ್ಕಾರ.

ಏನೆಂದು ಕರೆಯಬೇಕೋ ತಿಳಿಯದೆ ಹೆಸರನ್ನೇ ಬರೆದಿದ್ದೇನೆ. ಹೆಂಡತಿ ಗಂಡನ ಹೆಸರು ಹಿಡಿದು ಕರೆದಳೆಂದು ನಗಬೇಡಿ. ಫೋನ್ ಮಾಡಿದರೆ ಕಟ್ ಮಾಡುತ್ತೀರಿ. ಕಾಗದವನ್ನಾದರೂ ಕೊನೆಯವರೆಗೆ ಓದಿ.

ಹೋದ ತಿಂಗಳು ಅರಕಲಗೂಡಿನಲ್ಲಿ ಉಸಿರಿನ ಪರೀಕ್ಷೆಯ ಶಿಬಿರ ನಡೆಯಿತಲ್ಲ, ಹೊಗೆಸೊಪ್ಪು ಬೆಳೆಯುವವರಿಗೆಂದು, ಅಲ್ಲಿಗೆ ನೀವು ಬಂದಿದ್ದಿರಿ. ಶಾಲೆಯ ಹಾಲ್‌ನಲ್ಲಿ, ಕಿಟಕಿ ಪಕ್ಕದ ಮೇಜಿನ ಹಿಂದೆ ಟೋಪಿ, ಮಾಸ್ಕು ಹಾಕಿಕೊಂಡು ಕೂತಿದ್ದವಳು ನಾನು. ನಿಮ್ಮನ್ನು ಬಿಟ್ಟು ಬಂದ ಮೇಲೆ ಹಿಡಿದ ಕೆಲಸ ಇದೇ.

ಬಿಟ್ಟು ಬಂದೆ ಎನ್ನುವುದೂ ಪೂರ್ತಿ ಸರಿಯಲ್ಲ. ಹೊಟ್ಟೆಯಲ್ಲಿದ್ದ ಕೂಸು ಉಳಿಯದೆ ಹೋದ ಮೇಲೆ, ನಾಲ್ಕು ದಿನ ಇದ್ದು ಬರುತ್ತೇನೆಂದು ಅಮ್ಮನ ಮನೆಗೆ ಹೋದೆ. ನೀವು ಕರೆಯಲು ಬರಲಿಲ್ಲ, ನಾನೂ ಹಿಂತಿರುಗಲಿಲ್ಲ. ಜಗಳವಾಗಿದ್ದರೆ ಯಾರಾದರೂ ರಾಜಿ ಮಾಡಿಸುತ್ತಿದ್ದರು. ನಾವಿಬ್ಬರೂ ಬರೀ ಸುಮ್ಮನಾದೆವು.

ಸಾಲಿನಲ್ಲಿ ನಿಮ್ಮನ್ನು ಕಂಡಾಗ ಎದ್ದು ಒಳಗೆ ಹೋಗಿಬಿಡಲೇ ಅನ್ನಿಸಿತು. ಅಷ್ಟರಲ್ಲಿ ನೀವು ಬಂದು ಕೂತಿರಿ. ಎಲ್ಲರಿಗೂ ಕೇಳುವುದನ್ನೇ ಕೇಳಿದೆ. ಮಾಸ್ಕಿನೊಳಗೆ ನನ್ನ ದನಿ ಬೇರೆ ಯಾರದೋ ಅನ್ನಿಸಿತು.

"ಬೀಡಿ ಸೇದ್ತೀರಾ?"

"ಸೇದ್ತಿದ್ದೆ ಮೇಡಂ. ಬುಟ್ಬುಟ್ಟೆ."

"ಯಾವಾಗ?"

"ಮನೇಲಿ ಬಯ್ಯೋರು ಇಲ್ದಂಗಾದ್ರಲ್ಲ, ಆವಾಗ."

ಮುಂದಿನ ಪ್ರಶ್ನೆ ಮರೆತೇಹೋಯಿತು. ನಳಿಕೆಯನ್ನು ಕೈಗೆ ಕೊಟ್ಟು, ಎದೆ ತುಂಬ ಉಸಿರು ತಗೊಂಡು ನಿಧಾನವಾಗಿ ಬಿಡಿ ಎಂದೆ. ನೀವು ಕಣ್ಣು ಮುಚ್ಚಿ ಊದಿದಿರಿ. ನಳಿಕೆಯ ತುದಿಗೆ ಸಿಕ್ಕಿಸಿದ್ದ ಚೀಲ ಉಬ್ಬಿತು. ಅದರ ಬಾಯಿ ಬಿಗಿದು ಎತ್ತಿಕೊಂಡರೆ ತೂಕವೇ ಇಲ್ಲ, ಆದರೆ ಬೆಚ್ಚಗಿತ್ತು. ಎಷ್ಟೋ ರಾತ್ರಿ ನನ್ನ ಕತ್ತಿಗೆ ತಾಗುತ್ತಿದ್ದ ಉಸಿರು ನನ್ನ ಅಂಗೈ ಮೇಲೆ ಕೂತಿತ್ತು.

ಸಂಜೆ ಚೀಲಗಳನ್ನೆಲ್ಲ ಹಾಸನದ ಲ್ಯಾಬಿನಲ್ಲಿ ಸಾಲಾಗಿ ತೂಗುಹಾಕುತ್ತೇವೆ. ಫ್ಯಾನಿನ ಗಾಳಿಗೆ ಅವು ಮೆಲ್ಲಗೆ ಅಲುಗುತ್ತವೆ. ಒಂದು ಊರಿಗೆ ಊರೇ ಮಂಪರಿನಲ್ಲಿ ತೇಲುತ್ತಿರುವ ಹಾಗೆ ಕಾಣುತ್ತದೆ. ಹಳೇಕೋಟೆಯ ಅಜ್ಜಿ, ಚನ್ನರಾಯಪಟ್ಟಣದ ಬಸ್ ಡ್ರೈವರು, ಎಲ್ಲರೂ ಅಲ್ಲಿರುತ್ತಾರೆ, ಮಾತಿಲ್ಲದೆ. ಆ ಸಂಜೆ ನೀವೂ ಇದ್ದಿರಿ. ಕೆಲಸ ಮುಗಿದಿದ್ದರೂ ನಾನು ಸುಮ್ಮನೆ ಕುರ್ಚಿ ಎಳೆದುಕೊಂಡು ಕೂತಿದ್ದೆ.

ಈಗ ವಿಷಯಕ್ಕೆ ಬರುತ್ತೇನೆ, ಗಾಬರಿಯಾಗಬೇಡಿ. ನಾವು ಬಿಡುವ ಉಸಿರಿನಲ್ಲಿ ಕಣ್ಣಿಗೆ ಕಾಣದ ನೂರಾರು ವಸ್ತುಗಳಿರುತ್ತವಂತೆ. ಒಳಗೆ ಏನಾದರೂ ಕೆಟ್ಟರೆ ಅವುಗಳ ಹದ ಬದಲಾಗುತ್ತದೆ. ಯಂತ್ರ ಅದನ್ನು ಮೂಸಿ ನೋಡುತ್ತದೆ. ಸೂಜಿ ಇಲ್ಲ, ರಕ್ತ ಇಲ್ಲ. ಇದು ಇನ್ನೂ ಪ್ರಯೋಗ, ಯಂತ್ರ ಹೇಳಿದ್ದೆಲ್ಲ ನಿಜವಾಗಬೇಕೆಂದಿಲ್ಲ. ಆದರೆ ನಿಮ್ಮ ಉಸಿರಿನ ಹದ ಸರಿಯಿಲ್ಲ ಎಂದು ಬಂದಿದೆ. ನಮ್ಮ ಡಾಕ್ಟರ್ ಸ್ನೇಹಲತಾ ನಿಮಗೆ ಫೋನ್ ಮಾಡಿದಾಗ "ನಂಗೇನೂ ಆಗಿಲ್ಲ, ಬುಡಿ ಮೇಡಂ" ಎಂದು ಇಟ್ಟುಬಿಟ್ಟಿರಂತೆ. ಇವರು ನನ್ನ ಯಜಮಾನರು ಎಂದು ಆಗ ಬಾಯಿಬಿಟ್ಟೆ. ಅವರು, "ಹಾಗಾದರೆ ನೀವೇ ಬರೀರಿ. ಕಾಯಿಲೆ ಇದೆ ಅಂತಲ್ಲ, ಸ್ಕ್ಯಾನ್ ಮಾಡಿ ನೋಡಲೇಬೇಕು ಅಂತ" ಎಂದರು.

ಹಾಸನಕ್ಕೆ ಬಂದು ಸ್ಕ್ಯಾನ್ ಮಾಡಿಸಿ. ನಾನು ಎದುರಿಗಿರುವುದು ಬೇಡವೆಂದರೆ ಆ ದಿನ ರಜೆ ಹಾಕುತ್ತೇನೆ. ನೀವೆಲ್ಲೋ ಉಸಿರಾಡಿಕೊಂಡಿದ್ದೀರಿ ಎಂಬ ಧೈರ್ಯದ ಮೇಲೆಯೇ ನಾನು ಇಷ್ಟು ದಿನ ದೂರವಿದ್ದೆ. ಆ ಧೈರ್ಯ ಕಿತ್ತುಕೊಳ್ಳಬೇಡಿ.

ಇಂತಿ,
ಧನುಶ್ರೀ

~

ಹಳೇಕೋಟೆ
೧೭ ನವೆಂಬರ್ ೨೦೨೪

ಪ್ರೀತಿಯ ಧನುಗೆ,

ನಿನ್ನ ಕಾಗದ ಬಂದಾಗ ಹೊಗೆಸೊಪ್ಪನ್ನು ಬಿಸಿಗಾಳಿಯಲ್ಲಿ ಬೇಯಿಸುವ ಬ್ಯಾರನ್ ಮನೆಯ ಒಲೆಗೆ ಸೌದೆ ಹಾಕುತ್ತಿದ್ದೆ. ಓದಿ ಮುಗಿಸಿದಾಗ ಬೆಂಕಿ ಸಣ್ಣಗಾಗಿತ್ತು. ಅದನ್ನು ಹಾಗೇ ಬಿಟ್ಟು ಅಕ್ಕನಿಗೆ ಫೋನ್ ಮಾಡಿದೆ. ಹೊನ್ನಕ್ಕ ಮಾರನೆಯ ದಿನವೇ ಬಂದು, "ಏಳ್ಲಾ, ಒಳ್ಳೇ ಅಂಗಿ ಆಕ್ಕ, ಓಗವ" ಎಂದು ಹಾಸನಕ್ಕೆ ಎಳೆದುಕೊಂಡು ಹೋದಳು.

ಸ್ಕ್ಯಾನಿನಲ್ಲಿ ಬಲಗಡೆ ಶ್ವಾಸಕೋಶದಲ್ಲಿ ಅವರೆಕಾಳಿನಷ್ಟು ಗಂಟು ಕಂಡಿತು. ಕ್ಯಾನ್ಸರೇ. ಮೈಸೂರಿನಲ್ಲಿ ಆಪರೇಷನ್ ಮಾಡಿ ತೆಗೆದರು. ಬೇಗ ಸಿಕ್ಕಿದೆ, ಎಲ್ಲಿಗೂ ಹರಡಿಲ್ಲ ಎಂದರು. ಇಷ್ಟನ್ನೂ ನಿನಗೆ ಹೇಳಬೇಡಿ ಎಂದು ಸ್ನೇಹಲತಾ ಡಾಕ್ಟರನ್ನು ಬೇಡಿಕೊಂಡಿದ್ದು ನಾನೇ. ಸ್ಕ್ಯಾನ್ ಆಯಿತು, ಚಿಕಿತ್ಸೆ ನಡೆದಿದೆ ಎಂದಷ್ಟೇ ನಿನಗೆ ತಿಳಿದಿರಬೇಕು. ಅವರ ಮೇಲೆ ಸಿಟ್ಟಾಗಬೇಡ. ಕಾಯಿಲೆಯವನೆಂದು ಕನಿಕರಪಟ್ಟು ನೀನು ಮಂಚದ ಪಕ್ಕ ಬಂದು ನಿಲ್ಲುವುದು ನನಗೆ ಬೇಕಿರಲಿಲ್ಲ.

ಈಗ ಅಕ್ಕನ ಮನೆಯಲ್ಲಿದ್ದೇನೆ. ಆಸ್ಪತ್ರೆಯವರು ಮೂರು ಗುಂಡುಗಳಿರುವ ಡಬ್ಬಿ ಕೊಟ್ಟಿದ್ದಾರೆ, ಉಸಿರು ಎಳೆದು ಅವನ್ನು ಮೇಲಕ್ಕೆತ್ತಬೇಕು. ಮೊದಲಿಗೆ ಒಂದೂ ಏಳುತ್ತಿರಲಿಲ್ಲ. ಇವತ್ತು ಬೆಳಗ್ಗೆ ಜಗಲಿಯಲ್ಲಿ ಕೂತು ಎಳೆದೆ, ಮೂರೂ ಎದ್ದು ಗಾಳಿಯಲ್ಲಿ ನಿಂತವು. ಆಚೆ ರಾಗಿ ಹೊಲದ ಮೇಲೆ ಮಂಜು ಇನ್ನೂ ಹರಿದಿರಲಿಲ್ಲ. ಎಲ್ಲವೂ ಕನಸಿನ ಹಾಗಿತ್ತು. ಹೊನ್ನಕ್ಕ ಒಳಗಿನಿಂದ, "ಬದುಕ್ಕಂಡೆ ಕಣ್ಲಾ!" ಎಂದು ಕೂಗಿ ಅಳತೊಡಗಿದಳು. ಅದಕ್ಕೇ ಇವತ್ತು ಬರೆಯಲು ಕೂತೆ.

ಮುಂದಿನ ಸಲ ಹೊಗೆಸೊಪ್ಪು ಹಾಕುವುದಿಲ್ಲ. ಆಲೂಗಡ್ಡೆಯೋ ಶುಂಠಿಯೋ ನೋಡಬೇಕು. ನೀನೇನು ಹೇಳುತ್ತೀಯೆಂದು ಕೇಳಬೇಕೆನಿಸುತ್ತದೆ. ನೀನು ಬರಲೇಬೇಕೆಂದು ಬರೆಯುವುದಿಲ್ಲ. ನಡೆಯುವಷ್ಟು ಗಟ್ಟಿಯಾದ ಮೇಲೆ ನಾನೇ ಹಾಸನಕ್ಕೆ ಬರುತ್ತೇನೆ, ಆ ದಿನ ಮಾತ್ರ ರಜೆ ಹಾಕಬೇಡ.

ನಿನ್ನ,
ರಾಜು

ತಾ.ಕ.: ಮಾಸ್ಕಿನ ಹಿಂದೆ ಇದ್ದವಳು ನೀನೆಂದು ಗೊತ್ತಿತ್ತು. ಹೊಳೆನರಸೀಪುರದ ಶಿಬಿರದಲ್ಲಿ ನಿನ್ನನ್ನು ಕಂಡ ಅಕ್ಕ ಬಂದು ಹೇಳಿದ್ದಳು. ಎದೆ ಪರೀಕ್ಷೆ ಮಾಡಿಸಿಕೊಳ್ಳುವ ಯೋಚನೆಯೇ ನನಗಿರಲಿಲ್ಲ, ಧನು. ನಿನ್ನೆದುರು ಸ್ವಲ್ಪ ಹೊತ್ತು ಕೂತು ಬರೋಣವೆಂದು ಆ ಸಾಲಿನಲ್ಲಿ ನಿಂತೆ.