ಒಲೆಯ ನೆಪ

ಉಗಾರ ಬುದ್ರುಕ,
೮ ಜನವರಿ ೧೯೯೬, ಸೋಮವಾರ

ಪ್ರೀತಿಯ ಅತ್ತೀ,

ನಿಮ್ಮ ಸೊಸೆ ದ್ರೌಪದಿ ಇಲ್ಲಿಂದಲೇ ಕಾಲಿಗೆ ಬೀಳುತ್ತೇನೆ. ಹೇಗಿದ್ದೀರಿ? ಅಥಣಿಯಲ್ಲಿ ಚಳಿ ಹೇಗಿದೆ? ಇಲ್ಲಿ ಮುಂಜಾನೆ ಹೊಳೆ ಕಡೆಯಿಂದ ಬರುವ ಗಾಳಿಗೆ ನನಗೇ ಎದೆ ಹಿಡಿದಂತಾಗುತ್ತದೆ. ಆಗ ನಿಮ್ಮ ನೆನಪಾಗುತ್ತದೆ. ರಾತ್ರಿ ಅಡ್ಡಾಗಲು ಆಗುತ್ತದೆಯೋ, ಇನ್ನೂ ದಿಂಬಿಗೆ ಒರಗಿ ಕೂತೇ ಇರುತ್ತೀರೋ? ಪಾದದ ಬಾವು ಇಳಿಯಿತೇ? ಸುಂದರಾ, ಈ ಕಾಗದವನ್ನು ನಿನ್ನ ಅವ್ವನಿಗೆ ಓದಿ ಹೇಳುವವಳು ನೀನೇ ಆದ್ದರಿಂದ ನಿನಗೊಂದು ಮಾತು. ಉಸಿರಿನ ಔಷಧದ ಪಂಪು ಒತ್ತಿದ ಮೇಲೆ ಅವರು ಉಸಿರನ್ನು ಸ್ವಲ್ಪ ಹೊತ್ತು ಒಳಗೇ ಹಿಡಿಯಬೇಕು, ಆಮೇಲೆ ಮರೆಯದೆ ಬಾಯಿ ಮುಕ್ಕಳಿಸಬೇಕು. ಇಲ್ಲದಿದ್ದರೆ ಬಾಯಿ ಹುಣ್ಣಾಗುತ್ತದೆ. ಇನ್ನೊಂದು, ಮುಂದೆ ಬರೆದದ್ದರಲ್ಲಿ ನಿನ್ನ ವೈನಿಯಾದ ನನ್ನ ಮಾನ ಉಳಿಯಲಿ ಎಂದು ಒಂದು ಸಾಲನ್ನೂ ಬಿಡಬೇಡ.

ಇಲ್ಲಿ ಎಲ್ಲರೂ ಆರಾಮ. ಕಾರ್ಖಾನೆಯಲ್ಲಿ ಕಬ್ಬಿನ ಹಂಗಾಮು ಜೋರಾಗಿದೆ. ನಿಮ್ಮ ಮಗ ಪಾಳಿ ಮುಗಿಸಿ ಬಂದವರು ಊಟಕ್ಕೆ ಕೂತಲ್ಲೇ ತೂಕಡಿಸುತ್ತಾರೆ. ಎಮ್ಮೆ ಹೆಣ್ಣು ಕರು ಹಾಕಿತು. ಗಿಣ್ಣ ಮಾಡಿದ ದಿನ ಮಕ್ಕಳು ಆಯಿಯ ಪಾಲು ತೆಗೆದಿಡು ಎಂದು ಹಟ ಹಿಡಿದರು. ನಿಮ್ಮ ಪಾಲು ತೆಗೆದಿಟ್ಟೆ. ಮರುದಿನ ಅದು ಹುಳಿಯಾಯಿತು, ನಾನೇ ಎಮ್ಮೆಯ ಬಾನಿಗೆ ಸುರಿದೆ.

ಮೀರಜಿನ ದವಾಖಾನೆಯಲ್ಲಿ ಆವತ್ತು ನಡೆದದ್ದರ ಬಗ್ಗೆ ನೀವು ಈವರೆಗೆ ಒಂದು ಮಾತೂ ಆಡಿಲ್ಲ. ನಾನೂ ಆಡಿಲ್ಲ. ಡಾಕ್ಟರು ನಿಮ್ಮ ಎದೆಯ ಫೋಟೋವನ್ನು ಬೆಳಕಿಗೆ ಹಿಡಿದು, ವರ್ಷಾನುಗಟ್ಟಲೆ ಒಲೆಯ ಹೊಗೆ ಕುಡಿದ ಎದೆ ಇದು, ಮೊದಲಿನಂತೆ ಆಗುವುದಿಲ್ಲ ಎಂದರು. ಗುಳಿಗೆ ಹೆಚ್ಚು ಮಾಡಬಹುದು, ಆದರೆ ಆ ಗುಳಿಗೆ ಎಲುಬನ್ನು ತಿನ್ನುತ್ತದೆ, ಸಕ್ಕರೆ ಕಾಯಿಲೆ ತರುತ್ತದೆ. ಈಗಿದ್ದಂತೆಯೇ ಪಂಪಿನ ಮೇಲೆ ನಡೆಸಬಹುದು, ಆದರೆ ಪ್ರತಿ ಚಳಿಗಾಲ ದವಾಖಾನೆಗೆ ತಂದು ಹಾಕಬೇಕಾಗುತ್ತದೆ. ಇಲ್ಲವೇ ಮನೆಯಲ್ಲೇ ಆಕ್ಸಿಜನ್ ಸಿಲಿಂಡರ್ ಇಟ್ಟು, ದಿನದ ಹೆಚ್ಚು ಹೊತ್ತು ಮೂಗಿಗೆ ನಳಿಗೆ ಹಾಕಿಕೊಂಡಿರಬೇಕು, ಹತ್ತಿರ ಎಲ್ಲೂ ಬೆಂಕಿ ಇರಬಾರದು. ಇಷ್ಟು ಹೇಳಿ ಅವರು, ಬಾಗಿಲಲ್ಲಿ ನಿಂತಿದ್ದ ನಿಮ್ಮ ಮಗನನ್ನು ಬಿಟ್ಟು, ನನ್ನ ಮುಖ ನೋಡಿದರು. ನಾನು ಗಳಿಗೆ ಕೂಡ ಯೋಚಿಸಲಿಲ್ಲ. ಮನೆಯಲ್ಲಿ ಒಲೆ ಇದೆ, ಸಣ್ಣ ಮಕ್ಕಳಿದ್ದಾರೆ, ನಮ್ಮಲ್ಲಿ ಅದು ಆಗುವುದಿಲ್ಲ ಎಂದುಬಿಟ್ಟೆ. ಮರಾಠಿಯಲ್ಲಿ ಹೇಳಿದೆ. ನನಗಿಂತ ನಿಮಗೇ ಮರಾಠಿ ಚೆನ್ನಾಗಿ ಬರುತ್ತದೆ ಎಂದು ಗೊತ್ತಿದ್ದೂ, ನೀವು ಕೇಳಿಸಿಕೊಳ್ಳಲಿಲ್ಲ ಅಂದುಕೊಂಡೆ. ನೀವು ಬೆಂಚಿನ ಮೇಲೆ ಕೂತು ಸೆರಗಿನ ಅಂಚು ಸರಿಮಾಡಿಕೊಳ್ಳುತ್ತಿದ್ದಿರಿ.

ಊರಿಗೆ ಬಂದ ಮೂರನೆಯ ದಿನ, "ಸುಂದರಾ ಬಾಳ ನೆನಪಾಗ್ಯಾಳ. ನಾಕ ದಿನಾ ಅಥಣಿಗೆ ಹೋಗಿ ಬರ್ತೇನಿ" ಎಂದಿರಿ. ನಾನು ಬೇಡ ಎನ್ನಲಿಲ್ಲ. ನಿಮ್ಮ ಸೀರೆಗಳನ್ನು ಮಡಚಿ ಚೀಲಕ್ಕೆ ಹಾಕಿದವಳೂ ನಾನೇ, ಕಡು ಚಳಿಗೆಂದು ಶಾಲನ್ನೂ ಹಾಕಿದೆ. ನಾಲ್ಕು ದಿನಕ್ಕೆ ಹೋಗುವವರಿಗೆ ಅಷ್ಟು ಸೀರೆ ಯಾಕೆ ಎಂದು ನಿಮ್ಮ ಮಗ ಕೇಳಿದಾಗ ನಾನು ಚೀಲದ ಬಾಯಿ ಕಟ್ಟಿದೆ, ನೀವು ಚಪ್ಪಲಿ ಮೆಟ್ಟಿದಿರಿ.

ನೀವು ಹೋದ ಮೇಲೆ ನಾನು ಸತ್ತವರ ಹಾಗೆ ನಿದ್ದೆ ಮಾಡಿದೆ, ಅತ್ತಿ. ಎರಡು ವರ್ಷದಿಂದ ನಿಮ್ಮ ಉಸಿರಿನ ಸಪ್ಪಳಕ್ಕೆ ಕಿವಿ ಕೊಟ್ಟು ಅರೆಗಣ್ಣಿನಲ್ಲಿ ಮಲಗಿದವಳು ನಾನು. ಮೈ ಹಗುರಾಯಿತು, ಹಾಡು ಗುನುಗಿದೆ, ತಲೆಗೆ ಎಣ್ಣೆ ಹಚ್ಚಿಕೊಂಡೆ. ಆಚೆಮನೆಯ ಲಕ್ಕವ್ವ ನೀರಿಗೆ ಬಂದವಳು, "ಅತ್ತಿ ಹ್ವಾದ ಮ್ಯಾಲ ನಿನ್ನ ಮಾರಿ ಕಳಾ ಬಂದೈತಿ ನೋಡ" ಎಂದಳು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ನಾನೂ ನಕ್ಕೆ. ಒಳಗೆ ಬಂದ ಮೇಲೆ ಕನ್ನಡಿಯಲ್ಲಿ ಮುಖ ನೋಡಿಕೊಳ್ಳಲು ಆಗಲಿಲ್ಲ. ಡಾಕ್ಟರ ಮುಂದೆ ನಾನು ಹೇಳಿದ್ದು ಸುಳ್ಳಲ್ಲ, ಮನೆಯಲ್ಲಿ ಒಲೆ ಇದ್ದದ್ದು ನಿಜ. ಆದರೆ ನನಗೆ ಸಾಕಾಗಿತ್ತು. ಅದನ್ನು ಹೇಳುವ ಧೈರ್ಯವಿಲ್ಲದೆ ಒಲೆಯನ್ನು ಮುಂದೆ ಮಾಡಿದೆ.

ಹೋದ ವಾರ ಮನೆ ಸಾರಿಸಲು ಸಾಮಾನು ಸರಿಸುತ್ತಿದ್ದೆ. ಒಳಬಾಗಿಲ ಪಕ್ಕ ಬೋರಲು ಹಾಕಿದ ಬಕೀಟು, ಗೋಡೆಗೆ ಹಿಂಡಿಯ ಚೀಲ, ಹಿತ್ತಲ ಮೆಟ್ಟಿಲಿನ ಹತ್ತಿರ ಒಗೆಯುವ ಕಲ್ಲಿನ ಮೇಲೆ ಮಡಚಿಟ್ಟ ಗೋಣಿತಟ್ಟು. ಇವನ್ನೆಲ್ಲ ದಾರಿಗೆ ಅಡ್ಡ ಯಾರು ಇಡುತ್ತಾರೆ ಎಂದು ನಾನು ಎಷ್ಟು ಸಲ ಒದರಾಡಿದ್ದೇನೆ. ನೀವು ಮಾತಾಡದೆ ಪಕ್ಕಕ್ಕೆ ಸರಿಸಿ, ನಾನು ಹೊಲಕ್ಕೆ ಹೋದ ಮೇಲೆ ಮತ್ತೆ ಅಲ್ಲೇ ಇಡುತ್ತಿದ್ದಿರಿ. ಆವತ್ತು ಸೊಂಟ ಹಿಡಿದು ಬಕೀಟಿನ ಮೇಲೆ ಕೂತೆ. ಅಲ್ಲಿಂದ ಕೈ ಚಾಚಿದರೆ ಚೀಲ ಸಿಗುತ್ತದೆ. ಚೀಲದಿಂದ ಬಾಗಿಲ ಚೌಕಟ್ಟು. ಚೌಕಟ್ಟಿನಲ್ಲಿ ನಿಮ್ಮ ಕೈ ಹಿಡಿದ ಜಾಗ ನುಣುಪಾಗಿದೆ. ಬಚ್ಚಲಿಗೆ ಹೋಗಿ ಬರಲು ನೀವು ಹೀಗೆ ಕೂತು ಕೂತು ಹೋಗುತ್ತಿದ್ದಿರಿ ಎಂದು ಆಗ ತಿಳಿಯಿತು. ಹಗಲೆಲ್ಲ ನನ್ನನ್ನು ಒಮ್ಮೆಯೂ ಕೂಗಿದವರಲ್ಲ ನೀವು. ಸೇವೆಯೆಲ್ಲ ನಾನೇ ಮಾಡುತ್ತಿದ್ದೇನೆ ಎಂದು ಊರಿಗೆ ಹೇಳಿಕೊಂಡು ತಿರುಗಿದೆ.

ಅದೇ ದಿನ ನಿಮ್ಮ ಮಗನಿಗೆ, ಒಲೆ ಬರೀ ನೆಪವಾಗಿತ್ತು ಎಂದು ಎಲ್ಲ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು, "ಅವತ್ತ ನಾನೂ ಅಲ್ಲೇ ನಿಂತಿದ್ನಿ. ನೀ ಆಗೂದಿಲ್ಲ ಅಂದಿ, ನನಗ ಹಗೂರ ಆತು" ಎಂದರು. ಮರುದಿನ ರಜೆ ಹಾಕಿ, ಒಳಗಿನ ಒಲೆ ಕಿತ್ತು, ದನದ ಕೊಟ್ಟಿಗೆಯ ಆಚೆ ತಗಡು ಹೊದಿಸಿ ಅಡಿಗೆಗೆ ಜಾಗ ಮಾಡಿದರು. ಹೊಗೆ ಈಗ ಮನೆಯ ಕಡೆ ಬರುವುದಿಲ್ಲ. ನಿಮ್ಮ ಹಾಸಿಗೆ ಕಿಟಕಿಯ ಹತ್ತಿರ ಹಾಕಿದ್ದೇವೆ. ಬಕೀಟು, ಚೀಲ ಎಲ್ಲ ಇದ್ದಲ್ಲೇ ಇವೆ.

ಶುಕ್ರವಾರ ನಾನೊಬ್ಬಳೇ ರೈಲು ಹತ್ತಿ ಮೀರಜಿಗೆ ಹೋದೆ. ಸಿಲಿಂಡರ್ ಬೇಕು ಎಂದೆ. ಅದರಿಂದ ಬೇನೆ ವಾಸಿಯಾಗುವುದಿಲ್ಲ, ಹೃದಯಕ್ಕೆ ಬೀಳುವ ಭಾರ ಕಡಿಮೆಯಾಗುತ್ತದೆ, ಅಂಗಳದವರೆಗೆ ನಡೆದಾಡಬಹುದು, ಆದರೆ ಕೆಲವರಿಗೆ ನಳಿಗೆಯ ಕಟ್ಟು ಒಗ್ಗುವುದಿಲ್ಲ ಎಂದು ಡಾಕ್ಟರು ತಿಳಿಸಿ ಹೇಳಿದರು. ಆಮೇಲೆ ಪೆನ್ನು ಕೆಳಗಿಟ್ಟು, "ಆಜೀಂನಾ ವಿಚಾರಲಂ ಕಾ?" ಎಂದರು. ಅಜ್ಜಿಯನ್ನು ಕೇಳಿದಿರಾ ಎಂದು, ಅಷ್ಟೇ ಸಣ್ಣ ಮಾತು. ಬೇಡ ಎಂದಾಗಲೂ ನಿಮ್ಮನ್ನು ಕೇಳಿರಲಿಲ್ಲ, ಬೇಕು ಎಂದಾಗಲೂ ಕೇಳಿರಲಿಲ್ಲ. ಕೇಳಿ ಬರುತ್ತೇನೆ ಎಂದು ಹೇಳಿ ಎದ್ದು ಬಂದೆ.

ಸುಂದರಾಳ ಮನೆಯವರಿಗೆ ನಮಸ್ಕಾರ, ಮಕ್ಕಳ ಕೆನ್ನೆಗೆ ನನ್ನ ಮುತ್ತು. ದೇವರು ನಿಮಗೆ ಸುಖದ ನಿದ್ದೆ ಕೊಡಲಿ.

ನಿಮ್ಮ ಸೊಸೆ,
ದ್ರೌಪದಿ

ತಾ. ಕ.: ಟಪಾಲು ತೆಗೆಯುವ ಹೊತ್ತಾಯಿತು, ಗಡಬಡಿಯಲ್ಲಿ ಬರೆಯುತ್ತಿದ್ದೇನೆ. ಗುರುವಾರ ನಾವಿಬ್ಬರೂ ಜೀಪು ಮಾಡಿಕೊಂಡು ಬರುತ್ತೇವೆ. ಸಿಲಿಂಡರ್ ಬೇಕೋ ಬೇಡವೋ ಅದು ನಿಮ್ಮ ಮಾತು. ಬೇಡ ಅಂದರೂ ಮನೆಗೆ ಬರಬೇಕು. ಸಿಟ್ಟಿನಿಂದ ಬರುವುದಿಲ್ಲ ಅಂದರೆ ನಿಮ್ಮ ಮಗ ಜೀಪಿನಲ್ಲಿ ತಿರುಗಿ ಹೋಗುತ್ತಾರೆ, ನಾನು ಸುಂದರಾಳ ಮನೆಯಲ್ಲೇ ನಿಮ್ಮ ಹತ್ತಿರ ಉಳಿಯುತ್ತೇನೆ. ನಾನು ಇನ್ನು ದಣಿಯುವುದಿಲ್ಲ ಎಂದು ಆಣೆ ಹಾಕಲಾರೆ, ಅತ್ತಿ. ದಣಿದಾಗ ದಣಿದೆ ಎಂದು ನಿಮಗೇ ಹೇಳುತ್ತೇನೆ. ನಿಮಗೆ ಏದುಸಿರು ಹತ್ತಿದಾಗ ನೀವೂ ನನ್ನನ್ನು ಕೂಗಬೇಕು.