ಕಡಿಮೆ ಬಿದ್ದ ನಾಲ್ಕು ಗಂಟೆ

ಪುಟ್ಟಿ,

ನಿನ್ನನ್ನ ಎಬ್ಬಿಸಲಿಲ್ಲ. ನರ್ಸಿಂಗ್ ಕೌನ್ಸಿಲ್ ಆಫೀಸಿಗೆ ಹೊರಟಿದ್ದೀನಿ, ಇದು ಮೂರನೇ ಸಲ. ಇವತ್ತೂ ಬರಿಗೈಲೇ ಬರ್ತೀನಿ, ಗೊತ್ತು. ನನ್ನ ಲೈಸೆನ್ಸ್ ನಿನ್ನೆಗೆ ಮುಗೀತು. ಹೊಸದು ಕೊಡೋಕೆ ತರಬೇತಿ ನಾಲ್ಕು ಗಂಟೆ ಕಡಿಮೆ ಬಿದ್ದಿದೆಯಂತೆ. ಆ ತರಬೇತಿ ದಿನವೇ ಸ್ಕೂಲಲ್ಲಿ ಒಂದು ಮಗೂಗೆ ಫಿಟ್ಸ್ ಬಂತು. ಅವರಮ್ಮ ಬರೋವರೆಗೂ ಪಕ್ಕದಲ್ಲೇ ಕೂತಿದ್ದೆ. ಅದನ್ನ ಹೇಳಿದ್ರೆ ಗುಮಾಸ್ತ, "ಕೂತಿದ್ದಕ್ಕೆ ಸರ್ಟಿಫಿಕೇಟ್ ಇದೆಯೇನಮ್ಮಾ?" ಅಂದ. ಹದಿನಾರು ವರ್ಷದ ದುಡಿಮೆ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಯ್ತು.

ಹಾಲು ಕಾಯಿಸು, ಉಕ್ಕಿಸಬೇಡ. ನನ್ನ ಬಿಳಿ ಕೋಟು ನೆನೆಸಬೇಡ, ಇನ್ನು ಅದಕ್ಕೇನೂ ಅವಸರ ಇಲ್ಲ.

ನಿನ್ನ ನರ್ಸಿಂಗ್ ಕೋರ್ಸಿನ ಅರ್ಜಿ ಮೇಜಿನ ಮೇಲಿದೆ. ನೀನೂ ಸ್ಕೂಲ್ ನರ್ಸೇ ಆಗ್ತೀನಿ ಅಂತ ಹಟ ಹಿಡಿದಿದ್ದೀಯಲ್ಲ, ಬೇಡ ಕಣೇ ಅಂತ ಬರೆಯೋಕೆ ಪೆನ್ನು ತಗೊಂಡೆ. ಆಮೇಲೆ ಸುಮ್ಮನೆ ಫೋಟೋ ಅಂಟಿಸಿಟ್ಟೆ. ಸೈನೇ ಮಾಡಿಲ್ಲ ನೀನು, ಮಂಕುದಿಣ್ಣೆ.

ನನ್ನ ಫೋನ್ ಬೇಕಂತಲೇ ಬಿಟ್ಟು ಹೋಗ್ತಿದ್ದೀನಿ. ಸ್ಕೂಲಿಂದ ಕರೆ ಬಂದ್ರೆ ಅಕ್ಕ ಇಲ್ಲ ಅನ್ನು. ಔಷಧಿ ವಿಷಯದಲ್ಲಿ ನಾನೀಗ ಬಾಯಿ ಹಾಕೋ ಹಾಗಿಲ್ಲ. ಆದ್ರೆ ಮೂರನೇ ಕ್ಲಾಸಿನ ಉಬ್ಬಸದ ಹುಡುಗಿ ವಿಷಯ ಆದ್ರೆ ತಡಮಾಡದೆ ಹೇಳು: ನೀಲಿ ಇನ್ಹೇಲರ್ ಎರಡನೇ ಡ್ರಾಯರಲ್ಲಿ, ಎಡಗಡೆ ಇದೆ. ಅವಳನ್ನ ಮಲಗಿಸಬಾರದು, ನೆಟ್ಟಗೆ ಕೂರಿಸಬೇಕು.

ಯಾರು ಹೇಳಿದ್ದು ಅಂತ ಕೇಳಿದ್ರೆ, ಯಾರೂ ಅಲ್ಲ ಅನ್ನು.

ಅಕ್ಕ